ಬಂದೂಕಿಗೆ ಕುಂಕುಮ ಹಚ್ಚಿದರೆ ಸಾಕೇ?

ನಮ್ಮ ಕಡೆ ಒಬ್ಬ ಹುಡುಗ ಫೌಜಿಗೆ ಸೇರಿದ ಅಂದರೆ ಊರಿಗೆ ಊರೇ ಹಿಗ್ಗುತ್ತದೆ. ಹೋಗುವ ದಿನ ಹಾರ, ಹಲಗಿ, ಬಸ್ ಸ್ಟ್ಯಾಂಡಿನ ತನಕ ಮೆರವಣಿಗೆ, ರಸ್ತೆ ಮೇಲೆ ಅವನ ಫೋಟೋದ ಬ್ಯಾನರ್. ಇದರಾಗ ತಪ್ಪೇನಿಲ್ಲ. ಕೊಹೀರ, ಜಹೀರಾಬಾದ, ನಾರಾಯಣಖೇಡ, ತಾಂಡೂರ ಭಾಗದ ಒಕ್ಕಲು ಮನೆಗಳಿಗೆ ಇಂಥ ನೌಕರಿ ಸುಮ್ಮನೆ ಬರೂದಿಲ್ಲ. ಆದರೆ ಒಂದು ಮಾತು ಮಾತ್ರ ಯಾರೂ ಕೇಳೂದಿಲ್ಲ. ಆ ಹುಡುಗ ಅಲ್ಲಿ ಹೋಗಿ ಓದೋದು ಏನು? ಯಾವ ಭಾಷೆಯಾಗ ಓದ್ತಾನ? ಅವನ ಕೈಗೆ ಕೊಡೋ ಬಂದೂಕಿನ ಬಗ್ಗೆ ಬರೆದ ಪುಸ್ತಕ ಅವನಿಗೆ ತಿಳೀತದೋ ಇಲ್ಲೋ?

"ಸಿಪಾಯಿಗೆ ಓದು ಯಾತಕ್ಕರೀ, ಎದಿಗಾರಿಕೆ ಇದ್ರ ಸಾಕು" ಅನ್ನೋರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಾನು ಹೇಳೋದು ಇಷ್ಟೇ. ಎದಿಗಾರಿಕೆ ತುಕ್ಕು ಬಿಡಿಸೂದಿಲ್ಲ. ಕೆಟ್ಟ ಬಂದೂಕು ಹಿಡಕೊಂಡ ಧೈರ್ಯಶಾಲಿ ಮತ್ತು ಬರಿಗೈಯ ಧೈರ್ಯಶಾಲಿ, ಇಬ್ಬರಿಗೂ ವೈರಿಯ ಮುಂದೆ ಒಂದೇ ಗತಿ. ಬಂದೂಕು ಕೆಡದಂತೆ ಇಟ್ಟುಕೊಳ್ಳೋ ವಿದ್ಯೆ ಪುಸ್ತಕದಾಗ ಐತಿ. ಆ ಪುಸ್ತಕ ನಮ್ಮ ಹುಡುಗರ ಮಾತಿನಾಗ ಇಲ್ಲ. ಇದ್ದರೂ ಓದೋ ರೂಢಿಯನ್ನು ನಮ್ಮ ಸಾಲಿ ಹಚ್ಚಿಲ್ಲ. ಈ ಎರಡೂ ಮಾತು ಈ ಲೇಖನದಾಗ ಬರ್ತಾವ. ಸರ್ಕಾರದ ಮೇಲೆ ನನ್ನ ತಕರಾರು ಐತಿ, ಸಾಲಿಯ ಮೇಲೆ ಐತಿ, ನಮ್ಮೆಲ್ಲರ ಮೇಲೂ ಐತಿ.

ಮೊದಲು ಈ ಕೆಲಸ ಎಂಥದು ನೋಡೋಣ. ಬಂದೂಕು ಅಂದರೆ ಸಿನಿಮಾದಾಗ ತೋರಿಸಿದಂಗ ಸದಾ ಢಂ ಢಂ ಅನ್ನೋ ಸಾಮಾನಲ್ಲ. ಸಿಪಾಯಿಯ ಕೈಯಾಗ ಅದು ಗುಂಡು ಹಾರಿಸೋ ಹೊತ್ತಿಗಿಂತ ಒರೆಸಿಕೊಳ್ಳೋ ಹೊತ್ತೇ ಜಾಸ್ತಿ. ದಿನಾ ಬಿಚ್ಚಬೇಕು, ಒರೆಸಬೇಕು, ಎಣ್ಣೆ ಹಚ್ಚಬೇಕು, ಮತ್ತೆ ಜೋಡಿಸಬೇಕು. ಫೌಜಿನ ಮಾತಿನಾಗ ಇದಕ್ಕೆ 'ಖೋಲ್ನಾ-ಜೋಡ್ನಾ' ಅಂತಾರೆ. ಕಲಿಸುವವನು 'ಉಸ್ತಾದ್'. ಪಾಠ 'ಸಬಕ್'. ನಳಿಗೆಯ ಒಳಗೆ ಎಳೆಯೋ ಬಟ್ಟೆ ತುಂಡು 'ಚಿಂದಿ'. ಚಿಂದಿ ಕಟ್ಟೋ ಹಗ್ಗ 'ಪುಲ್‌ಥ್ರೂ'. ಉಸ್ತಾದ್ ಹಿಂದಿಯಲ್ಲಿ ಹೇಳ್ತಾನೆ, ಹುಡುಗರು ನೋಡಿ ಮಾಡ್ತಾರೆ, ನೂರು ಸಲ ಮಾಡಿ ಕೈಗೆ ಕೂಡಿಸಿಕೊಳ್ತಾರೆ. ಕೈಗೆ ಕೂಡೋದು ದೊಡ್ಡ ಮಾತು, ಅದನ್ನ ನಾನು ಹೀಗಳೆಯೂದಿಲ್ಲ. ಆದರೆ ಕೈಗೆ ಕೂಡೋದು ಬ್ಯಾರೆ, ಯಾಕೆ ಅಂತ ತಿಳಿಯೋದು ಬ್ಯಾರೆ.

ಮೂರು ನಿಯಮ ತಗೋಳೋಣ.

ಒಂದು, ಹಗ್ಗವನ್ನು ಗುಂಡು ತುಂಬುವ ತುದಿಯಿಂದ ಬಾಯಿಯ ಕಡೆಗೆ ನೆಟ್ಟಗೆ ಎಳೆಯಬೇಕು, ವಾರೆ ಎಳೆಯಬಾರದು. ಯಾಕೆ? ನಮ್ಮ ಹಳೇ ಬಾವಿಗಳ ಕಟ್ಟೆ ಕಲ್ಲು ನೋಡ್ರಿ. ಹತ್ತಿಯ ಹಗ್ಗ ಕರೀ ಕಲ್ಲಿನ ಮೇಲೆ ಬೆರಳು ಹೋಗುವಷ್ಟು ಗೆರೆ ಕೊರೆದಿರ್ತದೆ. ಮಣ್ಣಿನ ಕಣ ಹತ್ತಿದ ಹಗ್ಗ ನಳಿಗೆಯ ಬಾಯಿಯ ಅಂಚನ್ನೂ ಹಂಗೇ ಕೊರೀತದೆ. ಗುಂಡು ಹೊರಗೆ ಬೀಳುವಾಗ ಕೊನೆಗೆ ತಾಗೋದು ಆ ಅಂಚಿಗೇ. ಅಂಚು ಒಂದು ಕಡೆ ಸವೆದರೆ ಗುರಿ ತಪ್ಪಿತು.

ಎರಡು, ಹಳೆಯ .303 ಬಂದೂಕಿಗೆ ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯೋ ನೀರು ಸುರಿಯೋ ಪದ್ಧತಿ ಇತ್ತು. ಕೇಳಿದವರಿಗೆ ಹುಚ್ಚು ಅನಿಸ್ತದೆ. ಕಬ್ಬಿಣಕ್ಕೆ ನೀರೇ ವೈರಿ, ನೀರೇ ಸುರಿಯೋದು ಎಂಥ ಜಾಣತನ? ಆದರೆ ಅದರ ಕಾರಣ ಹೀಗೆ. ಆ ಕಾಲದ ತೋಟಾಗಳ ಬುಡದಲ್ಲಿ ಕಿಡಿ ಹೊತ್ತಿಸೋ ಮದ್ದಿನಾಗ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಒಂದು ತರಹದ ಉಪ್ಪು ಉಳೀತಿತ್ತು. ಮಳೆಗಾಲದಾಗ ನಮ್ಮ ಅಡಿಗಿಮನಿ ಉಪ್ಪಿನ ಡಬ್ಬಿ ಹೆಂಗ ನೀರೊಡೀತದೋ ಹಂಗೇ ಆ ಉಪ್ಪು ಗಾಳಿಯ ತೇವ ಎಳಕೊಂಡು ರಾತ್ರಿ ಬೆಳಗಾಗೋದರೊಳಗೆ ತುಕ್ಕು ಹಿಡಿಸ್ತಿತ್ತು. ಉಪ್ಪು ಎಣ್ಣೆಯಾಗ ಕರಗೂದಿಲ್ಲ, ನೀರಿನಾಗ ಕರಗ್ತದೆ. ಅದಕ್ಕೇ ಮೊದಲು ಬಿಸಿನೀರು, ಆಮೇಲೆ ಪೂರ್ತಿ ಒಣಗಿಸೋದು, ಆಮೇಲೆ ಎಣ್ಣೆ. ಕಾರಣ ತಿಳಿಯದವನು ಮೇಲೆ ಎಣ್ಣೆ ಬಳಿದು ಹೊಳಪು ನೋಡಿ ಖುಷಿಪಡ್ತಾನೆ, ಕೆಳಗೆ ಉಪ್ಪು ತಿನ್ತಾ ಇರ್ತದೆ. ಇನ್ನೊಂದು ಮಾತು. ಹೊಸ ನಮೂನಿ ತೋಟಾಗಳು ಬಂದು ಆ ಉಪ್ಪು ಇಲ್ಲವಾದ ಮೇಲೆ ಕುದಿಯೋ ನೀರಿನ ಕೆಲಸವೂ ಮುಗೀತು. ಕಾರಣ ಬಲ್ಲವನಿಗೆ ಮಾತ್ರ ಯಾವ ನಿಯಮ ಯಾವಾಗ ಬಿಡಬೇಕು ಅನ್ನೋದೂ ಗೊತ್ತಾಗ್ತದೆ.

ಮೂರು, ಎಣ್ಣೆ. ಎಷ್ಟು ಹೆಚ್ಚು ಹಚ್ಚಿದರೆ ಅಷ್ಟು ಒಳ್ಳೇದು ಅಂತ ನಾವು ತಿಳಿದೀವಿ. ಕೊಹೀರಿನ ಕೆಂಪು ಧೂಳಿನಾಗ ಸೈಕಲ್ ಚೈನಿಗೆ ಎಣ್ಣೆ ಸುರಿದವನಿಗೆ ಕೇಳ್ರಿ. ನಾಲ್ಕು ದಿನಕ್ಕೆ ಎಣ್ಣೆ ಮತ್ತು ಧೂಳು ಸೇರಿ ಸಾಣೆ ಹಿಡಿದಂಗ ಹಲ್ಲು ಸವೆಸ್ತಾವ. ಮರಳುಗಾಡಿನಾಗ ಬಂದೂಕಿಗೆ ಎಣ್ಣೆ ಕಡಿಮೆ ಹಚ್ಚಬೇಕು. ಹಿಮ ಬೀಳೋ ಎತ್ತರದಾಗ ಸಾದಾ ಎಣ್ಣೆ ಗಟ್ಟಿಯಾಗಿ ಕೀಲುಗಳನ್ನೇ ಹಿಡಕೋತದೆ, ಅಲ್ಲಿಗೆ ತೆಳು ಎಣ್ಣೆ ಬೇಕು. ಕರಾವಳಿಯ ಉಪ್ಪುಗಾಳಿಗೆ ಮತ್ತೆ ಬ್ಯಾರೆ ಲೆಕ್ಕ. ಗುಂಡು ಹಾರಿಸೋ ಮುಂಚೆ ನಳಿಗೆಯ ಒಳಗಿನ ಎಣ್ಣೆ ಒರೆಸಿ ತೆಗೀಬೇಕು. ಒಬ್ಬನೇ ಸಿಪಾಯಿ ಈ ವರ್ಷ ಜೈಸಲ್ಮೇರಿನಾಗ ಇರ್ತಾನೆ, ಬರೋ ವರ್ಷ ಸಿಯಾಚಿನ್ ಕಡೆ ಹೋಗ್ತಾನೆ. ಬರೇ ಕಂಠಪಾಠ ಮಾಡಿದ ನಿಯಮ ಅವನ ಜೊತೆ ಅಷ್ಟು ದೂರ ಬರೂದಿಲ್ಲ, ಕಾರಣ ಬರ್ತದೆ.

ಈಗಿನ ಬಂದೂಕುಗಳ ಒಳಗೆ ಇನ್ನೂ ಸೂಕ್ಷ್ಮ ಕೆಲಸ ಐತಿ. ಎಸ್‌ಎಲ್‌ಆರ್ ಆಗಲಿ, ಇನ್ಸಾಸ್ ಆಗಲಿ, ಗುಂಡಿನ ಹಿಂದೆ ಬರೋ ಹೊಗೆಯ ಒತ್ತಡದಾಗ ಒಂದಿಷ್ಟನ್ನ ನಳಿಗೆಯ ಸಣ್ಣ ತೂತಿನಿಂದ ಕದ್ದು, ಅದರಿಂದಲೇ ಒಂದು ದಂಡ ಹಿಂದಕ್ಕೆ ತಳ್ಳಿ, ಖಾಲಿ ತೋಟಾ ಹೊರಗೆ ಹಾಕಿ, ಮುಂದಿನದು ತಾನೇ ತುಂಬಿಕೊಳ್ತದೆ. ಆ ತೂತಿನಾಗ ಮಸಿ ಕಟ್ಟಿತು ಅಂದರೆ ಎರಡನೇ ಗುಂಡು ಒಳಗೆ ಹೋಗೂದಿಲ್ಲ. ಬಂದೂಕು ನಿಲ್ತದೆ. ವೈರಿ ನಿಲ್ಲೂದಿಲ್ಲ.

ಇದು ಕಟ್ಟುಕತೆ ಅಲ್ಲ. ಜಗತ್ತಿನ ಅತಿ ಶ್ರೀಮಂತ ಸೈನ್ಯಕ್ಕೇ ಇದರ ಪೆಟ್ಟು ಬಿದ್ದಿದೆ. 1960ರ ದಶಕದಲ್ಲಿ ಅಮೆರಿಕ ವಿಯೆಟ್ನಾಮಿಗೆ ಕಳಿಸಿದ ತನ್ನ ಹುಡುಗರ ಕೈಗೆ ಎಂ-16 ಅನ್ನೋ ಹೊಸ ಬಂದೂಕು ಕೊಟ್ಟಿತು. ಇದಕ್ಕೆ ಸ್ವಚ್ಛ ಮಾಡೋ ಕೆಲಸ ಬಹಳ ಇಲ್ಲ ಅಂತ ಹೇಳಿದರು. ಒರೆಸೋ ಸಾಮಾನನ್ನೂ ಸಾಕಷ್ಟು ಕೊಡಲಿಲ್ಲ. ನಡುವೆ ತೋಟಾದೊಳಗಿನ ಮದ್ದಿನ ನಮೂನಿ ಬದಲಾಯಿಸಿದರು, ಅದರಿಂದ ಮಸಿ ಹೆಚ್ಚಾಯಿತು. ಆ ದೇಶದ ತೇವಕ್ಕೆ ತುಕ್ಕು ಹಿಡೀತು. ಬಂದೂಕುಗಳು ನಡು ಕಾಳಗದಾಗ ಕಚ್ಚಿಕೊಂಡವು. ಕೆಟ್ಟುನಿಂತ ಬಂದೂಕಿನ ಪಕ್ಕದಾಗ ಸತ್ತ ಸಿಪಾಯಿಗಳು ಸಿಕ್ಕರು. ಆಮೇಲೆ ಏನಾಯಿತು? ಸಿಪಾಯಿಗಳು ಮನೆಗೆ ಪತ್ರ ಬರೆದರು. ತಾಯಿತಂದೆ ಆ ಪತ್ರಗಳನ್ನ ತಮ್ಮ ಪ್ರತಿನಿಧಿಗಳ ಮುಂದೆ ಇಟ್ಟರು. 1967ರಲ್ಲಿ ಅಲ್ಲಿನ ಸಂಸತ್ತಿನ ಒಂದು ಸಮಿತಿ ವಿಚಾರಣೆ ಮಾಡಿ ಅಧಿಕಾರಿಗಳಿಗೆ ಛೀಮಾರಿ ಹಾಕಿತು. ಬಂದೂಕಿನ ಒಳಗೆ ಕ್ರೋಮ್ ಲೇಪ ಬಂತು, ಒರೆಸೋ ಸಾಮಾನು ಬಂತು. ಜೊತೆಗೆ 1968ರಲ್ಲಿ ಒಂದು ಪುಸ್ತಕ ಬಂತು. ಅದನ್ನ ಬರೆದವರು ದೊಡ್ಡ ಎಂಜಿನಿಯರ್ ಭಾಷೆಯಾಗ ಬರೆಯಲಿಲ್ಲ. ವಿಲ್ ಐಸ್ನರ್ ಅನ್ನೋ ಹೆಸರಾಂತ ಚಿತ್ರಕಥೆಗಾರನ ಕೈಯಿಂದ ಚಿತ್ರ ಬರೆಸಿ, ಸಿಪಾಯಿಗಳು ತಮ್ಮತಮ್ಮೊಳಗೆ ಆಡೋ ಮಾತಿನಾಗೇ ಬರೆಸಿದರು. ಅದರ ಚಿತ್ರಗಳ ರುಚಿ ನಮ್ಮ ಸಾಲಿಗೆ ಒಗ್ಗೂದಿಲ್ಲ, ಆ ಮಾತು ಬಿಡ್ರಿ. ಆದರೆ ಕೆಲಸದ ಪುಸ್ತಕ ಓದುವವನ ಮಾತಿನಾಗ ಇರಬೇಕು ಅನ್ನೋ ಬುದ್ಧಿ ಅವರಿಗೆ ಹೆಣ ಬಿದ್ದ ಮೇಲಾದರೂ ಬಂತು.

ನಮ್ಮ ದೇಶದ ಕಥೆಯೂ ಐತಿ. ಪುಣೆಯಲ್ಲಿ ರೂಪಿಸಿದ ಇನ್ಸಾಸ್ ಬಂದೂಕು 1990ರ ದಶಕದಲ್ಲಿ ನಮ್ಮ ಸೈನ್ಯಕ್ಕೆ ಬಂತು. 1999ರ ಕಾರ್ಗಿಲ್ ಕಾಳಗದಾಗ ಆ ಚಳಿಗೆ ಬಂದೂಕು ಕಚ್ಚಿಕೊಳ್ತದೆ, ಪ್ಲಾಸ್ಟಿಕ್ಕಿನ ಮ್ಯಾಗಝೀನ್ ಸೀಳ್ತದೆ ಅಂತ ದೂರು ಬಂದವು. 2005ರ ಆಗಸ್ಟಿನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯಲ್ಲಿ ಮಾವೋವಾದಿಗಳ ದಾಳಿಗೆ ಅಲ್ಲಿನ 43 ಸೈನಿಕರು ಸತ್ತರು. ನಾವು ಕೊಟ್ಟ ಇನ್ಸಾಸ್ ನಡು ಕಾಳಗದಾಗ ಕೈಕೊಟ್ಟಿತು ಅಂತ ನೇಪಾಳದ ಸೈನ್ಯ ಹೇಳಿತು. ಸರಿಯಾಗಿ ಬಳಸದ್ದಕ್ಕೆ ಹಂಗಾಗಿರಬಹುದು, ಬೇಕಾದರೆ ತರಬೇತಿ ಕೊಡ್ತೀವಿ ಅಂತ ನಮ್ಮ ರಾಯಭಾರ ಕಚೇರಿ ಹೇಳಿತು. ಕುಣೀಲಾರದಾಕಿ ಅಂಗಳ ಡೊಂಕು ಅಂದಳೋ, ಅಂಗಳವೇ ಡೊಂಕಿತ್ತೋ, ಆ ತೀರ್ಪು ನಮ್ಮ ವಾಚನಾಲಯದ ಕಟ್ಟೆ ಮೇಲೆ ಆಗೂದಲ್ಲ.

ಆದರೆ ಇದರಿಂದ ಒಂದು ಪಾಠ ಕಲೀಬೇಕು. ಬಂದೂಕು ಕೆಟ್ಟಾಗಲೆಲ್ಲ ಮೊದಲ ಪ್ರಶ್ನೆ ಸಿಪಾಯಿಗೇ ಬರ್ತದೆ: "ಸರಿಯಾಗಿ ಒರೆಸಿದ್ದೆಯಾ?" ಪುಸ್ತಕ ಓದಿ ತಿಳಿದ ಸಿಪಾಯಿ ಎದೆ ಸೆಟೆಸಿ ಹೇಳಬಹುದು: "ಇಂಥ ಪುಟದಾಗ ಹೇಳಿದ್ದು ಇಂಥಿಂಥದು, ಅದನ್ನೆಲ್ಲಾ ಮಾಡೀನಿ, ಆದರೂ ನಿಂತೈತಿ. ದೋಷ ಸಾಮಾನಿಂದು." ಓದಲಾರದ ಸಿಪಾಯಿ ತಲೆ ತಗ್ಗಿಸಿ ನಿಲ್ತಾನೆ. ತಪ್ಪು ಕಾರ್ಖಾನೆಯದೇ ಇದ್ದರೂ ಅವನ ತಲೆಗೇ ಕಟ್ತಾರೆ. ಅಂದರೆ ಕೈಪಿಡಿ ಅನ್ನೋದು ಬರೇ ಬಂದೂಕು ಕಾಯೋ ಪುಸ್ತಕ ಅಲ್ಲ, ಸಿಪಾಯಿಯ ಮಾನ ಕಾಯೋ ದಸ್ತಾವೇಜು. ಅಮೆರಿಕದ ಹುಡುಗರು ಪತ್ರ ಬರೆದದ್ದಕ್ಕೇ ವಿಚಾರಣೆ ಆಯಿತು ಅನ್ನೋದು ಮರೀಬ್ಯಾಡ್ರಿ. ತನ್ನ ಸಾಮಾನಿಗೆ ಏನಾಗೈತಿ ಅಂತ ಬಾಯಿ ಬಿಟ್ಟು ಹೇಳಲಾರದವನು ಪತ್ರ ಏನು ಬರೆದಾನು?

ಈಗ ಭಾಷೆಯ ಮಾತಿಗೆ ಬರೋಣ. ನಮ್ಮ ನಾಡಿನ ಸಿಪಾಯಿಗೆ ಅವನ ಮಾತಿನಾಗ ಪುಸ್ತಕ ಸಿಗದೇ ಇರೋದು ಇವತ್ತಿನ ಮಾತಲ್ಲ. ಮೈಸೂರಿನ ಟಿಪ್ಪು ಸುಲ್ತಾನ ತನ್ನ ಸೈನ್ಯಕ್ಕಾಗಿ 'ಫತಹುಲ್ ಮುಜಾಹಿದೀನ್' ಅನ್ನೋ ಯುದ್ಧದ ಕೈಪಿಡಿ ಬರೆಸಿದ. ಬಂದೂಕು, ಕವಾಯತು, ಅವನ ಹೆಸರಾದ ರಾಕೆಟ್ಟು ಎಲ್ಲಾ ಅದರಾಗ ಬರ್ತಾವ. ಬರೆದದ್ದು ಪಾರ್ಸಿಯಲ್ಲಿ. ಆಮೇಲೆ ಕಂಪನಿ ಬಂತು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾದ ಕಾಗದವನ್ನ ಹಲ್ಲಿನಿಂದ ಹರೀಬೇಕು ಅಂತ ಕವಾಯತಿನ ನಿಯಮ ಇತ್ತು. ಆ ಕಾಗದಕ್ಕೆ ಸವರಿದ ಜಿಡ್ಡು ಯಾವ ಪ್ರಾಣಿಯದು ಅಂತ ಸಿಪಾಯಿಗಳು ಕೇಳಿದರು, ನಂಬೋ ಹಂಗ ಯಾರೂ ಉತ್ತರ ಕೊಡಲಿಲ್ಲ. ಕಡೆಗೆ ಹಲ್ಲಿನ ಬದಲು ಕೈಯಿಂದ ಹರೀರಿ ಅಂತ ನಿಯಮ ತಿದ್ದಿದರು. ಅಷ್ಟು ಹೊತ್ತಿಗೆ ನಂಬಿಕೆ ಹೋಗಿತ್ತು. ದಂಗೆಗೆ ಕಾರಣ ಅದೊಂದೇ ಅಲ್ಲ ಅಂತ ಮಾಸ್ತರರು ಮಕ್ಕಳಿಗೆ ಹೇಳ್ತಾರೆ, ಸರಿ. ಆದರೆ ಕೈಯಾಗ ಹಿಡಿಯೋ ಸಾಮಾನಿನ ಒಳಗುಟ್ಟು ಸಿಪಾಯಿಗೆ ಅವನ ಮಾತಿನಾಗ ಹೇಳದಿದ್ದರೆ ಎಷ್ಟು ದೂರ ಹೋಗ್ತದೆ ಅನ್ನೋದಕ್ಕೆ ಅದು ಸಾಕ್ಷಿ. ಮುಂದೆ ಬ್ರಿಟಿಷರು ರೋಮನ್ ಅಕ್ಷರದ ಉರ್ದುವಿನಾಗ ಸಿಪಾಯಿಗಳಿಗೆ ಪಾಠ ಬರೆಸಿದರು. ಸ್ವಾತಂತ್ರ್ಯದ ಮೇಲೆ ಹಿಂದಿ ಬಂತು. ಪಾರ್ಸಿ, ಇಂಗ್ಲಿಷ್, ರೋಮನ್ ಉರ್ದು, ಹಿಂದಿ. ನಮ್ಮ ಸರದಿ ಬರಲೇ ಇಲ್ಲ.

ಕನ್ನಡದಾಗ ಇಂಥ ಪುಸ್ತಕ ಬರೆಯೋಕೇ ಆಗೂದಿಲ್ಲ ಅನ್ನೋ ಪಂಡಿತರು ಇದ್ದಾರೆ. ಅವರನ್ನ ಇಲ್ಲಿಂದ ಬಹಳ ದೂರವಲ್ಲದ ಬಸವಕಲ್ಯಾಣಕ್ಕೆ ಕರಕೊಂಡು ಹೋಗಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದ. ಮಳೆ ನೋಡೋದು, ನೀರಿನ ಸೆಲೆ ಹುಡುಕೋದು, ಗಿಡಮರಗಳ ಆರೈಕೆ, ಅಡಿಗೆ, ಸುಗಂಧ, ಎಲ್ಲಾ ಕನ್ನಡದಾಗೇ. ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮ ದನಗಳ ರೋಗಕ್ಕೆ 'ಗೋವೈದ್ಯ' ಬರೆದ. ಕುದುರೆ ಬಗ್ಗೆ ಅಭಿನವಚಂದ್ರ ಬರೆದ, 17ನೇ ಶತಮಾನದಲ್ಲಿ ಪದ್ಮಣ ಪಂಡಿತ 'ಹಯಸಾರ ಸಮುಚ್ಚಯ' ಬರೆದ. ಆ ಕಾಲಕ್ಕೆ ಕುದುರೆ ಅಂದರೆ ಏನು? ಸವಾರಿ ದಂಡಿನವನ ಜೀವ. ಇವತ್ತು ಸಿಪಾಯಿಗೆ ಬಂದೂಕು ಹೆಂಗೋ, ಅವತ್ತು ದಂಡಿನವನಿಗೆ ಕುದುರೆ ಹಂಗೆ. ಕುದುರೆಯ ಗೊರಸು, ಹಲ್ಲು, ಹೊಟ್ಟೆಶೂಲೆ ಎಲ್ಲಕ್ಕೂ ಮಾತು ಇದ್ದ ಭಾಷೆಗೆ ಬಂದೂಕಿನ ಕೀಲಿಗೆ ಮಾತು ಇಲ್ಲ ಅಂದರೆ ನಂಬೋರು ಯಾರು? ನಳಿಗೆ, ಹಿಡಿಕೆ, ಕೀಲು, ಮದ್ದು, ತೋಟಾ, ಗುರಿ, ಕುದುರೆ, ಎಲ್ಲಾ ನಮ್ಮ ಬಾಯಾಗ ಇದ್ದಾವ. ಸ್ಪ್ರಿಂಗ್, ಬೋಲ್ಟ್, ಮ್ಯಾಗಝೀನ್ ಹಂಗೇ ಇರಲಿ. 'ಬಂದೂಕು' ಅನ್ನೋ ಮಾತೇ ಹೊರಗಿಂದ ಬಂದು ನಮ್ಮದಾಗೈತಿ, ನಾಲ್ಕು ಮಾತು ಬಂದರೆ ಕನ್ನಡ ಮೈಲಿಗೆ ಆಗೂದಿಲ್ಲ.

ಎದುರಾಡುವವರ ಮಾತುಗಳನ್ನೂ ಒಂದೊಂದಾಗಿ ನೋಡೋಣ, ಅವರಲ್ಲೂ ತೂಕದ ಮಾತು ಇದ್ದಾವ.

"ಒಂದು ಸೈನ್ಯಕ್ಕೆ ಒಂದು ಭಾಷೆ ಬೇಕು" ಅಂತಾರೆ. ಒಪ್ಪಿದೆ. ನೇತಾಜಿ ಸುಭಾಷರ ಆಜಾದ್ ಹಿಂದ್ ಫೌಜಿನಾಗೂ ಆಜ್ಞೆಗಳು ಹಿಂದೂಸ್ತಾನಿಯಲ್ಲೇ ಇದ್ದವು, ಅದರಾಗ ತಮಿಳರೂ ಇದ್ದರು. ಪಂಜಾಬಿನವನ ಪಕ್ಕ ಬೀದರದವನು ನಿಂತಾಗ 'ಬಲಕ್ಕೆ ತಿರುಗು' ಅನ್ನೋದನ್ನ ಹದಿನಾಲ್ಕು ಭಾಷೆಯಾಗ ಹೇಳೋಕಾಗೂದಿಲ್ಲ. ಆದರೆ ಆಜ್ಞೆ ಬ್ಯಾರೆ, ಅರಿವು ಬ್ಯಾರೆ. ಆಜ್ಞೆಯ ಐವತ್ತು ಮಾತು ಒಂದು ತಿಂಗಳಿಗೆ ಬರ್ತಾವ. ಉಪ್ಪು ಯಾಕೆ ತೇವ ಎಳೀತದೆ ಅನ್ನೋದು ಬರೂದಿಲ್ಲ. ಉಸ್ತಾದ್ ಹಿಂದಿಯಲ್ಲೇ ಹೇಳಲಿ, ರಾತ್ರಿ ಹಾಸಿಗೆ ಮೇಲೆ ಕುಂತು ತಿರುವಿ ಹಾಕೋ ಪುಸ್ತಕ ಹುಡುಗನ ಮಾತಿನಾಗ ಇರಲಿ. ಇದರಿಂದ ಯಾವ ಸೈನ್ಯ ಒಡೀತದೆ?

"ನಮ್ಮ ಹುಡುಗರಿಗೆ ದಖನಿ ಬರ್ತದಲ್ಲ, ಹಿಂದಿ ಏನು ಕಷ್ಟ?" ಇದು ನಮ್ಮ ಸಂತೆಯ ವಾದ. ಜಹೀರಾಬಾದ ಸಂತೆಯಾಗ ಆಲೂಗಡ್ಡೆ ದರ ಮಾತಾಡೋ ದಖನಿ ಬ್ಯಾರೆ, ನಾಗರಿ ಅಕ್ಷರದಾಗ ಸಂಸ್ಕೃತದ ಮಾತು ತುಂಬಿ ಬರೆದ ಪುಸ್ತಕದ ಹಿಂದಿ ಬ್ಯಾರೆ. ಬಾಯಾಗ ಬರೋದಕ್ಕೂ ಕಣ್ಣಿಗೆ ತಿಳಿಯೋದಕ್ಕೂ ಅಂತರ ಐತಿ.

"ತೆಲಂಗಾಣದಾಗ ಕುಂತು ಕನ್ನಡ ಯಾಕೆ ಕೇಳ್ತೀರಿ?" 1956ರ ನವೆಂಬರ್ ಒಂದರಂದು ಬೀದರ ಜಿಲ್ಲೆಯಿಂದ ಜಹೀರಾಬಾದ, ನಾರಾಯಣಖೇಡ ಆ ಕಡೆ ಹೋದವು, ಗುಲ್ಬರ್ಗಾದಿಂದ ತಾಂಡೂರ ಹೋಯಿತು. ಗಡಿ ಸರೀತು, ಮನೆಯ ಮಾತು ಸರೀಲಿಲ್ಲ. ಹಂಗಂತ ನಾನು ಬರೇ ಕನ್ನಡ ಕೇಳ್ತಾ ಇಲ್ಲ. ತೆಲುಗಿನಾಗ ಬರಲಿ, ಉರ್ದುವಿನಾಗ ಬರಲಿ, ಮರಾಠಿಯಾಗ ಬರಲಿ. ಸಾಲಿಯಲ್ಲಿ ತೆಲುಗು ಓದಿದ ನಮ್ಮ ಹುಡುಗ ತೆಲುಗಿನಾಗೇ ಓದಲಿ. ತಿಳಿಯೋ ಮಾತಿನಾಗ ಇರಬೇಕು ಅನ್ನೋದೇ ವಾದ.

"ಇದು ಗುಟ್ಟಿನ ವಿಷಯ, ಸಿಕ್ಕವರಿಗೆ ಹೇಳೂದಲ್ಲ." ಯಾವ ಗುಟ್ಟು? ಎನ್‌ಸಿಸಿಯ ಪುಸ್ತಕಗಳು ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗ್ತಾವ. ಅದರಾಗ ಬಂದೂಕು ಬಿಚ್ಚೋದು, ಜೋಡಿಸೋದು, ಒರೆಸೋದು ಪಾಠವಾಗೇ ಐತಿ. ಇಂಗ್ಲಿಷಿನಾಗ, ಹಿಂದಿಯಾಗ ಗುಟ್ಟು ಅಲ್ಲದ್ದು ಕನ್ನಡಕ್ಕೆ ಬಂದ ಕೂಡಲೇ ಗುಟ್ಟು ಆಗ್ತದೇನು?

"ಊರಿನ ಜನಕ್ಕೆ ಬಂದೂಕಿನ ಮಾತು ಬ್ಯಾಡ." ಈ ಮಾತಿಗೆ ನಾನು ಕಿವಿ ಕೊಡ್ತೀನಿ. 1948ರ ಸೆಪ್ಟೆಂಬರಿನಾಗ ಸೋಲಾಪುರದ ಕಡೆಯಿಂದ ಬಂದ ಸೈನ್ಯ ಹುಮನಾಬಾದ, ಜಹೀರಾಬಾದ ಹಾದಿ ಹಿಡಿದೇ ಹೈದರಾಬಾದಿಗೆ ಹೋಯಿತು. ಅದರ ಹಿಂದೆ ಮುಂದೆ ಈ ಭಾಗದ ಊರುಗಳು ಕಂಡ ಕಷ್ಟ ಹಿರಿಯರ ಬಾಯಾಗ ಇನ್ನೂ ಐತಿ. ಮನೆಮನೆಗೆ ಬಂದೂಕು ಬರಲಿ ಅಂತ ಯಾವ ತಿಳಿದವನೂ ಹೇಳೂದಿಲ್ಲ. ಆದರೆ ಯಾವ ಕೈಪಿಡಿಯನ್ನೇ ತೆಗೆದರೂ ಮೊದಲ ಪಾಠ ಗುಂಡು ಹೊಡೆಯೋದಲ್ಲ. ಬಂದೂಕು ಕೈಗೆ ಬಂದ ಕೂಡಲೇ ಅದು ಖಾಲಿ ಐತೋ ಇಲ್ಲೋ ಅಂತ ಕಣ್ಣಾರೆ ನೋಡು, ಬಾಯಿಯನ್ನ ಮನುಷ್ಯರ ಕಡೆ ತಿರುಗಿಸಬ್ಯಾಡ, ಅನ್ನೋದೇ ಮೊದಲ ಪಾಠ. ಈ ಪಾಠ ತಿಳಿದವರು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ.

ನೋಡ್ರಿ, ಅಪಾಯದ ಸಾಮಾನಿಗೆ ಬಳಸುವವನ ಭಾಷೆ ಬೇಕು ಅನ್ನೋದನ್ನ ಸರ್ಕಾರ ಬ್ಯಾರೆ ಕಡೆ ಒಪ್ಪಿಬಿಟ್ಟೈತಿ. ಕೀಟನಾಶಕದ ಡಬ್ಬಿ ಜೊತೆ ಬರೋ ಮಡಚಿದ ಕಾಗದ ಹಿಂದಿ, ಇಂಗ್ಲಿಷಿನ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು ಅಂತ 1971ರ ನಿಯಮ ಹೇಳ್ತದೆ. ಓದು ಬಾರದವನಿಗೂ ತಿಳೀಲಿ ಅಂತ ಕೆಂಪು, ಹಳದಿ, ನೀಲಿ, ಹಸಿರು ಗುರುತು ಹಾಕ್ತಾರೆ. ಇನ್ನೂ ಹತ್ತಿರದ ಮಾತು: ಸಿಆರ್‌ಪಿಎಫ್, ಬಿಎಸ್‌ಎಫ್ ಮೊದಲಾದ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನ ಹಿಂದಿ, ಇಂಗ್ಲಿಷ್ ಅಲ್ಲದೆ ಇನ್ನೂ 13 ಭಾಷೆಗಳಲ್ಲಿ ಬರೆಯಬಹುದು ಅಂತ ಕೇಂದ್ರ ಸರ್ಕಾರ 2023ರಲ್ಲಿ ತೀರ್ಮಾನ ಮಾಡಿ 2024ರಿಂದ ನಡೆಸಿತು. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಅದರಾಗ ಇದ್ದಾವ. ಬಾಗಿಲಿನ ತನಕ ಕನ್ನಡದಾಗ ಕರೆದವರು ಒಳಗೆ ಹೋದ ಮೇಲೆ ಆ ಭಾಷೆ ಯಾಕೆ ಬಿಡಿಸ್ತಾರೆ? ಪರೀಕ್ಷೆಗೆ ಬೇಕಾದ ಭಾಷೆ ಪ್ರಾಣ ಉಳಿಸೋದಕ್ಕೆ ಬ್ಯಾಡವೇ? 2022ರಲ್ಲಿ ಅಗ್ನಿಪಥ ಬಂದ ಮೇಲಂತೂ ಹುಡುಗನಿಗೆ ಇರೋದು ನಾಲ್ಕು ವರ್ಷ, ಅದರಾಗ ನೂರಕ್ಕೆ ಇಪ್ಪತ್ತೈದು ಮಂದಿಗೆ ಮಾತ್ರ ಮುಂದುವರಿಯೋ ಅವಕಾಶ. ಭಾಷೆ ತಿಳಕೊಳ್ಳೋದರಾಗೇ ಒಂದು ವರ್ಷ ಕಳೆದರೆ ಕೆಲಸ ತಿಳಕೊಳ್ಳೋದು ಯಾವಾಗ?

ಇಷ್ಟು ಸರ್ಕಾರದ ಪಾಲು. ಇನ್ನು ಮಾಸ್ತರರಿಗೆ ನಾಲ್ಕು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ಸಾಲಿಯಲ್ಲಿ ಮಕ್ಕಳು ಪದ್ಯ ಓದ್ತಾರೆ, ಕಥೆ ಓದ್ತಾರೆ, ಸಾರಾಂಶ ಬರೀತಾರೆ. ಆದರೆ 'ಮೊದಲು ಇದು, ಆಮೇಲೆ ಇದು, ಯಾಕಂದರೆ ಇದು' ಅಂತ ಹೇಳೋ ಬರಹವನ್ನ ಓದಿ, ಅದರಂತೆ ಕೈಯಿಂದ ಮಾಡೋ ಪಾಠ ಎಲ್ಲಿ ಐತಿ? ಹತ್ತನೇ ತರಗತಿ ಪಾಸಾದ ಹುಡುಗನ ಮುಂದೆ ಪಂಪ್‌ಸೆಟ್ಟಿನ ಪುಸ್ತಕ ಇಟ್ಟರೆ ಅದರ ಫೋಟೋ ನೋಡಿ ಮುಚ್ಚಿ ಇಡ್ತಾನೆ. ಅವನು ದಡ್ಡ ಅಲ್ಲ. ಅಂಥದನ್ನ ಓದು ಅಂತ ಅವನಿಗೆ ಯಾರೂ ಹೇಳಿಲ್ಲ. ಜೈ ಜವಾನ್ ಅಂತ ಗೋಡೆ ಮೇಲೆ ಬರೆಸೋದು ಸುಲಭ. 'ನಿಮ್ಮ ಮನೆಯ ಹೊಲಿಗೆ ಮಷೀನಿಗೆ ಎಲ್ಲೆಲ್ಲಿ ಎಣ್ಣೆ ಹಾಕಬೇಕು, ಯಾಕೆ, ಕ್ರಮವಾಗಿ ಬರೆಯಿರಿ' ಅಂತ ಒಂದು ಪ್ರಶ್ನೆ ಪರೀಕ್ಷೆಗೆ ಹಾಕೋದು ಕಷ್ಟ. ಆದರೆ ಜವಾನನಿಗೆ ಉಪಯೋಗ ಆಗೋದು ಎರಡನೆಯದು.

ಕಡೆಗೆ ನಮ್ಮ ಪಾಲು. ನವಮಿಗೆ ನಾವು ಖಂಡೆ ಪೂಜಿ ಮಾಡ್ತೀವಿ. ಟ್ರಾಕ್ಟರು, ಕೊಡಲಿ, ಕುಡಗೋಲು, ತಕ್ಕಡಿ, ಎಲ್ಲಕ್ಕೂ ಕುಂಕುಮ, ಹೂವು, ಗಾಲಿ ಕೆಳಗೆ ನಿಂಬೆಹಣ್ಣು. ಮರುದಿನ ಬನ್ನಿ ಹಂಚಿಕೊಂಡು ಬಂಗಾರದಂಗ ಇರೋಣ ಅಂತೀವಿ. ಆ ಬನ್ನಿ ಗಿಡದ ಕಥೆ ಸರಿಯಾಗಿ ಓದ್ರಿ. ವಿರಾಟಪರ್ವದಾಗ ಪಾಂಡವರು ಆಯುಧ ಇಡುವಾಗ ಸುಮ್ಮನೆ ನಮಸ್ಕಾರ ಹಾಕಿ ಹೋಗಲಿಲ್ಲ. ಬಿಲ್ಲುಗಳ ಹೆದೆ ಇಳಿಸಿದರು. ನಕುಲ ಮರ ಹತ್ತಿ, ಮಳೆಯ ನೀರು ತಾಗದ ಗಟ್ಟಿ ಕೊಂಬೆ ನೋಡಿ ಅಲ್ಲಿ ಬಿಗಿದು ಕಟ್ಟಿದ. ವರ್ಷ ಕಳೆದು ಇಳಿಸಿದಾಗ ಅವು ಕೆಲಸಕ್ಕೆ ಬಂದವು ಅಂದರೆ ಅದಕ್ಕೆ ಆ ಹೆದೆ ಇಳಿಸಿದ ಕೈ ಕಾರಣ. ಕೊಡಗಿನಾಗ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನ ಒರೆಸಿ ಸ್ವಚ್ಛ ಮಾಡಿ, ನಳಿಗೆಗೆ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಅಲ್ಲಿ ಒರೆಸೋದೇ ಪೂಜೆಯ ಮೊದಲ ಭಾಗ. ನಾವು ಮೊದಲ ಭಾಗ ಬಿಟ್ಟು ಕುಂಕುಮ ಉಳಿಸಿಕೊಂಡೀವಿ. ಒಂದು ದಿನ ಪೂಜಿ, ಉಳಿದ ದಿನ ಮಳೆಯಾಗ ಬಿಟ್ಟ ಕೂರಿಗಿ. ಯುದ್ಧ ಕಾಲದಲ್ಲಿ ಶಸ್ತ್ರಾಭ್ಯಾಸ ಅಂತ ಗಾದೆ ಆಡಿಕೊಂಡು ನಗೋ ನಾವೇ ರೋಹಿಣಿ ಮಳೆ ಬಂದ ಮೇಲೆ ಕಮ್ಮಾರನ ಬಾಗಿಲು ಬಡೀತೀವಿ. ಇಂಥ ಮನೆಯಿಂದ ಹೋದ ಹುಡುಗನಿಗೆ ಉಸ್ತಾದ್ ಏನು ಕಲಿಸಿಯಾನು?

ಬರೇ ಬೈದು ಬಿಡೋದು ಸರಿಯಲ್ಲ. ಆಗೋ ಕೆಲಸ ಹೇಳ್ತೀನಿ.

ಮೊದಲನೆಯದು, ಸರ್ಕಾರ ಯಾವ್ಯಾವ ಭಾಷೆಯಾಗ ಪರೀಕ್ಷೆ ನಡೆಸ್ತದೋ ಆ ಎಲ್ಲಾ ಭಾಷೆಗಳಲ್ಲಿ ಸಿಪಾಯಿಯ ಪಾಲಿನ ನಿರ್ವಹಣೆ ಪುಸ್ತಕ ಕೊಡಬೇಕು. ಆರ್ಮರರ್ ಮಾಡೋ ದೊಡ್ಡ ದುರಸ್ತಿ ಅದರಾಗ ಬ್ಯಾಡ. ದಿನದ ಕೆಲಸ, ವಾರದ ಕೆಲಸ, ಗುಂಡು ಹಾರಿಸಿದ ಮೇಲಿನ ಕೆಲಸ, ಅಷ್ಟು ಸಾಕು. ಚಿತ್ರ ಇರಲಿ. ಪ್ರತಿ ನಿಯಮದ ಎದುರಿಗೆ 'ಯಾಕೆ' ಅನ್ನೋ ಒಂದು ಸಾಲು ಇರಲಿ. ಇದನ್ನ ಮಾಡೋ ಮಂದಿಗೂ ಬರ ಇಲ್ಲ. ಸೈನ್ಯದ ಸಾಮಾನು ದುರಸ್ತಿ ಮಾಡೋ ಇಎಂಇ ದಳದ ದೊಡ್ಡ ತರಬೇತಿ ಸಂಸ್ಥೆ ಸಿಕಂದರಾಬಾದಿನಾಗೇ ಐತಿ. ಯುದ್ಧದ ಗಾಡಿ ತಯಾರಿಸೋ ಕಾರ್ಖಾನೆ 1984ರಿಂದ ನಮ್ಮದೇ ಜಿಲ್ಲೆಯ ಎದ್ದುಮೈಲಾರಂನಾಗ ಐತಿ. ಕೆಲಸ ಬಲ್ಲವರು ಪಕ್ಕದಾಗೇ ಇದ್ದಾರೆ.

ಎರಡನೆಯದು, ಎನ್‌ಸಿಸಿ ಇರೋ ಸಾಲಿ, ಕಾಲೇಜಿನ ಮಾಸ್ತರರು ಮಕ್ಕಳಿಂದ ಆಯುಧದ ಪಾಠವನ್ನ ಮನೆ ಮಾತಿನಾಗ ಒಂದು ನೋಟ್‌ಬುಕ್ಕಿಗೆ ಬರೆಸಬೇಕು. ಹಿಂದಿ ಶಬ್ದ, ಅದರ ಎದುರಿಗೆ ಕನ್ನಡ ಅಥವಾ ತೆಲುಗು, ಅದರ ಎದುರಿಗೆ ಕಾರಣ. ಎನ್‌ಸಿಸಿ ಇಲ್ಲದ ಸಾಲಿಯಲ್ಲಿ ಸೈಕಲ್ಲು, ಸ್ಪ್ರೇಯರ್ ಇಟ್ಟುಕೊಂಡು ಇದನ್ನೇ ಮಾಡಬಹುದು. ವಿದ್ಯೆ ಒಂದೇ.

ಮೂರನೆಯದು, ನಮ್ಮ ವಾಚನಾಲಯ. ಇಲ್ಲಿ ಕಾದಂಬರಿ ಇದ್ದಾವ, ಪುರಾಣ ಇದ್ದಾವ, ಪೇಪರ್ ಬರ್ತದೆ. ಒಂದು ಕಪಾಟು ಕೈಪಿಡಿಗಳಿಗೆ ಇರಲಿ. ಟ್ರಾಕ್ಟರಿಂದು, ಪಂಪಿಂದು, ಹೊಲಿಗೆ ಮಷೀನಿಂದು, ಎನ್‌ಸಿಸಿಯದು. ಮನೆಯಾಗ ಪೆಟ್ಟಿಗೆ ತಳದಾಗ ಬಿದ್ದಿರೋವನ್ನ ತಂದು ಕೊಡ್ರಿ. ಫೌಜು ಮುಗಿಸಿ ಬಂದ ಹಿರಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಅವರನ್ನ ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಿ ಕಳಿಸಿಬಿಡ್ತೀವಿ. ಆ ಶಾಲಿನ ಬದಲು ಅವರ ಪಕ್ಕ ಒಬ್ಬ ಹುಡುಗನನ್ನ ನೋಟ್‌ಬುಕ್ಕು ಕೊಟ್ಟು ಕುಂಡ್ರಿಸ್ರಿ. ಅವರು ಹೇಳಲಿ, ಇವನು ಬರೀಲಿ. ಐವತ್ತು ಪುಟ ಆದರೆ ಈ ವಾಚನಾಲಯವೇ ಅಚ್ಚು ಹಾಕಿಸಲಿ. ಮುಂದಿನ ಭರ್ತಿಗೆ ಹೋಗೋ ಹುಡುಗನಿಗೆ ಹಾರದ ಜೊತೆ ಅದನ್ನೂ ಕೈಗೆ ಕೊಡೋಣ.

ಹಾರ ಬಸ್ಸು ಜಹೀರಾಬಾದ ದಾಟೋದರೊಳಗೆ ಬಾಡ್ತದೆ. ಅವನ ಪೆಟ್ಟಿಗೆಯೊಳಗೆ ಹೋಗೋದು ಏನು ಅನ್ನೋದನ್ನ ನಾವೇ ತೀರ್ಮಾನ ಮಾಡಬೇಕು.